ಅರಮನೆಯಲ್ಲಿದ್ದು ಅನಿತ್ಯವನ್ನು ಕಂಡ ಮುಧೋಳದ ರನ್ನ

ಬುದ್ಧಿವಂತರ ಮನಸ್ಸನ್ನು ಬಹುಕಾಲ ಹಿಡಿದಿಡುವ ವಿಷಯಗಳು ಎರಡು. ಒಂದು ರಾಜಕಾರಣ, ಇನ್ನೊಂದು ತತ್ತ್ವಚರ್ಚೆ. ಯಾರು ಗದ್ದುಗೆ ಏರಿದರು, ಯಾರು ಇಳಿದರು ಎಂಬುದನ್ನು ಅರಿಯುವ ಕುತೂಹಲ ಮೊದಲನೆಯದರಲ್ಲಿದೆ. ಯಾರ ಸಿದ್ಧಾಂತ ಗೆದ್ದಿತು, ಯಾರದು ಸೋತಿತು ಎಂಬ ಉತ್ಸಾಹ ಎರಡನೆಯದರಲ್ಲಿದೆ. ಒಂದು ವಯಸ್ಸಿನವರೆಗೆ ಇವೆರಡೂ ಮನುಷ್ಯನಿಗೆ ಅಮೃತದಂತೆ ರುಚಿಸುತ್ತವೆ. ಅನಂತರ ಒಂದು ದಿನ ಎರಡೂ ಸಪ್ಪೆಯಾಗುತ್ತವೆ. ಗದ್ದುಗೆಯ ಕಥೆ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ನಡೆಯುವುದು ಕಾಣುತ್ತದೆ. ವಾದದಲ್ಲಿ ಗೆದ್ದವನ ಮನೆಯಲ್ಲಿಯೂ ಕ್ರೋಧ, ಮಾನ, ಮಾಯೆ, ಲೋಭಗಳು ಹಾಗೆಯೇ ಉಳಿದಿರುವುದು ಕಾಣುತ್ತದೆ. ಆಗ ಮನಸ್ಸಿಗೆ ಬೇಸರ ಬರುತ್ತದೆ.

ಆ ಬೇಸರವನ್ನೇ ವೈರಾಗ್ಯವೆಂದು ತಿಳಿಯುವವರು ಅನೇಕರು. ಜಿನಾಗಮ ಹಾಗೆ ಹೇಳುವುದಿಲ್ಲ. ಬೇಸರ ಬಾಗಿಲಿನವರೆಗೆ ತಂದು ನಿಲ್ಲಿಸುತ್ತದೆ; ಬಾಗಿಲನ್ನು ದಾಟಿಸುವುದು ಬೇರೆಯೇ ಒಂದು ಶಕ್ತಿ. ಈ ಭೇದವನ್ನು ಸಾವಿರ ವರ್ಷಗಳ ಹಿಂದೆ ತನ್ನ ಎರಡು ಮಹಾಕೃತಿಗಳಲ್ಲಿ ಕಾಣಿಸಿದವನು ಘಟಪ್ರಭೆಯ ದಡದ ಮುಧೋಳದಲ್ಲಿ ಹುಟ್ಟಿದ ಕವಿಚಕ್ರವರ್ತಿ ರನ್ನ.

ರನ್ನನ ಜನನ ಕ್ರಿ.ಶ. 949ರಲ್ಲಿ, ಸೌಮ್ಯ ಸಂವತ್ಸರದಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆತನದ ವೃತ್ತಿ ಬಳೆಗಾರಿಕೆ. ಇಂದಿನ ಮುಧೋಳಕ್ಕೆ ಆಗ ಮುದುವೊಳಲು ಎಂಬ ಹೆಸರಿತ್ತು. ಇಂದಿನ ಜಮಖಂಡಿ ಅಂದು ಜಂಬುಖಂಡಿ. ತನ್ನ ಊರು ಬೆಳುಗಲಿ ನಾಡಿನ ಜಂಬುಖಂಡಿ ಎಪ್ಪತ್ತರ ಭಾಗದಲ್ಲಿದೆಯೆಂದು ಕವಿಯೇ ಅಭಿಮಾನದಿಂದ ಗುರುತಿಸಿದ್ದಾನೆ. ಮುಧೋಳ ತಾಲ್ಲೂಕಿನ ಬೆಳಗಲಿ ಇಂದಿಗೂ ರನ್ನಬೆಳಗಲಿ ಎಂದೇ ಕರೆಯಿಸಿಕೊಳ್ಳುತ್ತದೆ. ಕೃಷ್ಣೆ ಘಟಪ್ರಭೆಗಳ ನಡುವಿನ ಈ ಸೀಮೆ ಜಿನಧರ್ಮಕ್ಕೆ ಹಳೆಯ ತವರು. ರನ್ನನ ತರುವಾಯದ 12ನೆಯ ಶತಮಾನದಲ್ಲಿ ರಬಕವಿ–ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದ್ದೂ ಈ ಪರಂಪರೆಯ ಮುಂದುವರಿಕೆಯೇ.

ಬಳೆಯ ಮಲಾರ ಹೊತ್ತು ಊರೂರು ತಿರುಗುವ ಕುಲದ ಬಾಲಕನಿಗೆ ವಿದ್ಯೆಯ ಹಸಿವು ಹತ್ತಿತು. ಅದನ್ನು ಹಿಂಗಿಸಿಕೊಳ್ಳಲು ಅವನು ಹುಟ್ಟೂರನ್ನು ಬಿಟ್ಟು ದೂರದ ಗಂಗರ ರಾಜ್ಯಕ್ಕೆ ನಡೆದನು. ಅಲ್ಲಿ ಅವನಿಗೆ ಆಶ್ರಯ ಕೊಟ್ಟವನು ಗಂಗರ ಮಂತ್ರಿಯೂ ಸೇನಾಪತಿಯೂ ಆದ ಚಾವುಂಡರಾಯ. ವಿದ್ಯೆ ಕೊಟ್ಟವರು ಅಜಿತಸೇನಾಚಾರ್ಯರು. ವ್ಯಾಕರಣ, ಕಾವ್ಯ, ಆಗಮ ಎಲ್ಲವೂ ಆ ಗುರುಗಳ ಪಾದದಲ್ಲಿ ದೊರೆತವು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರನ್ನು ಕೊರೆದಿದೆ. ಅದು ರನ್ನನದೇ ಗುರುತೆಂದು ವಿದ್ವಾಂಸರು ಭಾವಿಸುತ್ತಾರೆ.

ಅಕ್ಷರ ವಿದ್ಯೆಯ ಜೊತೆಗೆ ಆ ಕಾಲ ರನ್ನನ ಮುಂದೆ ಇನ್ನೊಂದು ಪಾಠವನ್ನೂ ತೆರೆದಿಟ್ಟಿತು. ಅವನಿಗೆ 24 ವರ್ಷವಾಗಿದ್ದಾಗ, 973ರಲ್ಲಿ, ಎರಡು ಶತಮಾನಗಳಿಗೂ ಮಿಕ್ಕಿ ಆಳಿದ ರಾಷ್ಟ್ರಕೂಟರ ಸಿಂಹಾಸನ ಉರುಳಿತು. ಚಾಲುಕ್ಯ ತೈಲಪನು ಕರ್ಕನನ್ನು ಸೋಲಿಸಿ ಹೊಸ ರಾಜ್ಯವನ್ನು ಸ್ಥಾಪಿಸಿದನು. ರಾಷ್ಟ್ರಕೂಟರ ಕೊನೆಯ ಕುಡಿಯಾದ ನಾಲ್ವಡಿ ಇಂದ್ರನನ್ನು ಮತ್ತೆ ಪಟ್ಟಕ್ಕೆ ತರಲು ಅವನ ಸೋದರಮಾವನಾದ ಗಂಗದೊರೆ ಮಾರಸಿಂಹನು ಹೆಣಗಿದನು. ಆ ಪ್ರಯತ್ನ ಕೈಗೂಡಲಿಲ್ಲ.

ಮಾರಸಿಂಹನು ಬರಿಯ ಕತ್ತಿಯ ವೀರನಾಗಿರಲಿಲ್ಲ. ಹಲವು ದರ್ಶನಗಳಲ್ಲಿಯೂ ರಾಜನೀತಿಯಲ್ಲಿಯೂ ಪಾರಂಗತನಾದ ಮುಂಜಾರ್ಯನೆಂಬ ವಾದಿಘಂಘಲಭಟ್ಟನನ್ನು ಗುರುವೆಂದು ಗೌರವಿಸಿ ಅವನಿಗೆ ಗ್ರಾಮವನ್ನು ದತ್ತಿಯಾಗಿ ಕೊಟ್ಟ ಅರಸನವನು. ವಾದಸಭೆಯ ರುಚಿಯೂ ರಣರಂಗದ ರುಚಿಯೂ ಅವನಿಗೆ ಸಮಾನವಾಗಿ ತಿಳಿದಿದ್ದವು. ಅನೇಕ ಯುದ್ಧಗಳನ್ನು ಗೆದ್ದು, ಬಸದಿಗಳನ್ನೂ ಮಾನಸ್ತಂಭಗಳನ್ನೂ ನಿಲ್ಲಿಸಿದ ಆ ದೊರೆ ಕೊನೆಗೆ ರಾಜ್ಯವನ್ನು ತ್ಯಜಿಸಿದನು. ಒಂದು ವರ್ಷದ ತರುವಾಯ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸ್ತಂಭಶಾಸನ ಈ ಸಂಗತಿಯನ್ನು ಇಂದಿಗೂ ಹೇಳುತ್ತಿದೆ. ಕೆಲವು ವರ್ಷಗಳ ಅನಂತರ, 982ರಲ್ಲಿ, ಸೋದರಳಿಯ ಇಂದ್ರನೂ ಶ್ರವಣಬೆಳಗೊಳದಲ್ಲಿ ಅದೇ ವ್ರತವನ್ನು ಕೈಗೊಂಡು ಕಾಲನ ವಶನಾದನು. ಚೆಂಡಾಟದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲವೆಂದು ಶಾಸನ ಹೊಗಳುತ್ತದೆ. ರಾಜ್ಯದ ಚೆಂಡು ಮಾತ್ರ ಅವನ ಕೈಗೆ ನಿಲ್ಲಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಾರಸಿಂಹನ ಅಂತ್ಯಕಾಲಕ್ಕೆ ಗುರುವಾಗಿ ನಿಂತ ಅಜಿತಸೇನರೇ ರನ್ನನಿಗೂ ಗುರುಗಳು. ಒಬ್ಬ ಶಿಷ್ಯನು ಆಗತಾನೆ ರಾಜಾಸ್ಥಾನದ ಕಡೆಗೆ ಹೆಜ್ಜೆ ಹಾಕುತ್ತಿದ್ದನು. ಇನ್ನೊಬ್ಬ ಶಿಷ್ಯನು ಅದೇ ಆಸ್ಥಾನವನ್ನು ಒಡೆಯನಾಗಿ ಅನುಭವಿಸಿ ಹಿಂದಿರುಗಿದ್ದನು. ಏರುವ ದಾರಿಯ ತುದಿ ಎಲ್ಲಿ ಮುಗಿಯುತ್ತದೆಂಬುದು ರನ್ನನಿಗೆ ಯೌವನದಲ್ಲಿಯೇ ಕಣ್ಣೆದುರಿಗಿತ್ತು.

ಮುಂದೆ ರನ್ನನು ತನ್ನ ನಾಡಿನ ಹೊಸ ದೊರೆಗಳಾದ ಚಾಲುಕ್ಯರ ಆಸ್ಥಾನವನ್ನು ಸೇರಿದನು. ತೈಲಪನಿಂದ ಕವಿಚಕ್ರವರ್ತಿ ಎಂಬ ಪದವಿ ದೊರೆಯಿತು. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನ ಮೆಚ್ಚುಗೆಯೂ ಲಭಿಸಿತು. ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಮಡದಿಯರು, ರಾಯನೆಂಬ ಮಗ, ಅತ್ತಿಮಬ್ಬೆಯೆಂಬ ಮಗಳು, ಮನೆ ತುಂಬ ಸಂಪತ್ತು, ನಾಡು ತುಂಬ ಕೀರ್ತಿ. ಬಳೆಗಾರರ ಮನೆಯ ಹುಡುಗನಿಗೆ ಲೋಕ ಕೊಡಬಹುದಾದುದೆಲ್ಲವೂ ದೊರಕಿತು. ಮಕ್ಕಳ ಹೆಸರುಗಳಲ್ಲಿ ಮಾತ್ರ ಅವನ ಒಳಮನಸ್ಸು ಕಾಣುತ್ತದೆ. ಮಗನಿಗೆ ಕಷ್ಟಕಾಲದಲ್ಲಿ ಆಸರೆಯಾದ ಚಾವುಂಡರಾಯನ ಹೆಸರು. ಮಗಳಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು. ಪದವಿ ಕೊಟ್ಟ ಚಕ್ರವರ್ತಿಯ ಹೆಸರನ್ನು ಬಿಟ್ಟು, ಗೊಮ್ಮಟನನ್ನು ನಿಲ್ಲಿಸಿದ ಕೈಯನ್ನೂ ಶಾಸ್ತ್ರದಾನ ಮಾಡಿದ ಕೈಯನ್ನೂ ಅವನು ತನ್ನ ಮನೆಯೊಳಗೆ ನೆನೆದನು.

ಅತ್ತಿಮಬ್ಬೆಯ ಬಾಳಿನಲ್ಲಿಯೂ ರಾಜಕಾರಣದ ಬೆಂಕಿ ಹಾದುಹೋಗಿತ್ತು. ಅವಳ ಪತಿ ನಾಗದೇವನು ತೈಲಪನ ದಂಡನಾಯಕ, ಯುದ್ಧದಲ್ಲಿ ಮಡಿದನು. ಅವನ ಇನ್ನೊಬ್ಬ ಪತ್ನಿಯೂ ಅತ್ತಿಮಬ್ಬೆಯ ತಂಗಿಯೂ ಆದ ಗುಂಡಮಬ್ಬೆ ಗಂಡನ ಚಿತೆಯನ್ನೇರಿದಳು. ಅತ್ತಿಮಬ್ಬೆ ಏರಲಿಲ್ಲ. ಎಳೆಯ ಮಗ ಅಣ್ಣಿಗದೇವನನ್ನು ಸಾಕುತ್ತ, ವ್ರತನಿಯಮಗಳಿಂದ ದೇಹವನ್ನು ದಂಡಿಸುತ್ತ, ಉಳಿದ ಆಯುಷ್ಯವನ್ನು ಧರ್ಮಕ್ಕೆ ಮೀಸಲಿಟ್ಟಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. ಲಕ್ಕುಂಡಿಯಲ್ಲಿ ಭವ್ಯವಾದ ಬಸದಿಯನ್ನು ಕಟ್ಟಿಸಿದಳು. ದುಃಖ ಒಬ್ಬಳನ್ನು ಬೆಂಕಿಗೆ ಒಯ್ದಿತು, ಇನ್ನೊಬ್ಬಳನ್ನು ಧರ್ಮಕ್ಕೆ ಒಯ್ದಿತು. ದುಃಖ ಒಂದೇ ಆಗಿದ್ದರೂ ಅದನ್ನು ಸ್ವೀಕರಿಸಿದ ರೀತಿ ಬೇರೆಯಾಗಿತ್ತು.

ಈ ಪುಣ್ಯವತಿಯ ಪ್ರೇರಣೆಯಿಂದಲೇ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಹನ್ನೆರಡು ಆಶ್ವಾಸಗಳ ಈ ಚಂಪೂಕೃತಿ ಎರಡನೆಯ ತೀರ್ಥಂಕರರಾದ ಅಜಿತನಾಥರ ಚರಿತ್ರೆ. ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಸಾಹಸಭೀಮವಿಜಯ ಅಥವಾ ಗದಾಯುದ್ಧ ಅವನ ಇನ್ನೊಂದು ಮಹಾಕೃತಿ. ಒಂದು ಆಗಮಿಕ, ಇನ್ನೊಂದು ಲೌಕಿಕ. ಒಂದು ಧರ್ಮಕ್ಕೆ ಸಲ್ಲಿಸಿದ ಕಾಣಿಕೆ, ಇನ್ನೊಂದು ಅರಸನಿಗೆ ಸಲ್ಲಿಸಿದ ಕಾಣಿಕೆ. ಇವೆರಡನ್ನೂ ಜೊತೆಯಲ್ಲಿಟ್ಟು ಓದಿದವರಿಗೆ ಬೇಸರಕ್ಕೂ ವೈರಾಗ್ಯಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಗದಾಯುದ್ಧವು ಹೆಸರಿಗೆ ಭೀಮನ ಗೆಲುವಿನ ಕಾವ್ಯ. ಆದರೆ ಓದುಗನ ಮನಸ್ಸಿನಲ್ಲಿ ಅಚ್ಚಳಿಯದೆ ನಿಲ್ಲುವುದು ಸೋತವನ ನಡಿಗೆ. ಹದಿನೆಂಟು ದಿನಗಳ ಕೊನೆಯಲ್ಲಿ ದುರ್ಯೋಧನನು ಸಂಜಯನ ಆಸರೆಯಿಂದ ರಣಭೂಮಿಯಲ್ಲಿ ಹೆಣಗಳ ನಡುವೆ ಎಡವುತ್ತ ಸಾಗುತ್ತಾನೆ. ಅಲ್ಲಿ ದ್ರೋಣನನ್ನು ಕಾಣುತ್ತಾನೆ; ವೈರಿಯ ಮಗನಾದರೂ ವೀರನಾದ ಅಭಿಮನ್ಯುವಿಗೆ ಕೈಮುಗಿಯುತ್ತಾನೆ; ಸ್ವಂತ ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಪ್ರಾಣಮಿತ್ರ ಕರ್ಣನನ್ನು ಕಂಡು ಕರಗುತ್ತಾನೆ. ತಂದೆತಾಯಿಗಳು ಸಂಧಿಯನ್ನು ಬೇಡುತ್ತಾರೆ. ಶರಶಯ್ಯೆಯ ಮೇಲಿನ ಭೀಷ್ಮನೂ ಅದನ್ನೇ ಹೇಳುತ್ತಾನೆ. ರಾಜ್ಯದಲ್ಲಿ ಅವನಿಗೆ ಈಗ ಆಸೆ ಉಳಿದಿಲ್ಲ. ಜೊತೆಗೂಡಿ ಅನುಭವಿಸಬೇಕಾದವರೇ ಇಲ್ಲವಾದ ಮೇಲೆ ಆ ನೆಲ ಅವನಿಗೆ ಸುಡುಗಾಡಿನಂತೆ ತೋರುತ್ತದೆ. ರಾಜಕಾರಣದ ಭ್ರಮೆ ಇದಕ್ಕಿಂತ ಪೂರ್ಣವಾಗಿ ಕಳಚಿದವನನ್ನು ಕನ್ನಡ ಕಾವ್ಯದಲ್ಲಿ ಕಾಣುವುದು ಕಷ್ಟ.

ಆದರೂ ಅವನು ಬಿಡುಗಡೆಯನ್ನು ಪಡೆಯಲಿಲ್ಲ. ಲೋಭ ಹೋದ ಸ್ಥಳದಲ್ಲಿ ಮಾನ ಕುಳಿತಿತ್ತು. ನೆಲ ಬೇಡವಾಯಿತು, ಹಟ ಬೇಕಾಯಿತು. ಪ್ರೀತಿಯವರನ್ನು ನೆನೆದು ಅತ್ತದ್ದು ಆರ್ತಧ್ಯಾನವಾಯಿತು. ವೈರಿಯನ್ನು ನೆನೆದು ಕುದಿದದ್ದು ರೌದ್ರಧ್ಯಾನವಾಯಿತು. ವೈಶಂಪಾಯನ ಸರೋವರದ ತಣ್ಣೀರಿನೊಳಗೆ ಮುಳುಗಿ ಕುಳಿತರೂ ಒಳಗಿನ ಕಾವು ಆರಲಿಲ್ಲ. ಭೀಮನ ಮೂದಲಿಕೆ ಕಿವಿಗೆ ಬಿದ್ದೊಡನೆ ಅವನು ಮೇಲೆದ್ದು ಬಂದನು. ಕಷಾಯಗಳಲ್ಲಿ ಒಂದನ್ನು ಕಳೆದುಕೊಂಡ ಮಾತ್ರಕ್ಕೆ ಜೀವ ಹಗುರವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕರುಣಾಜನಕವಾದ ನಿದರ್ಶನವಿಲ್ಲ. ಲೋಕ ಇದನ್ನು ಛಲವೆಂದು ಕೊಂಡಾಡಿತು. ಧರ್ಮದ ಕಣ್ಣಿಗೆ ಇದು ಬಾಗಿಲಿನವರೆಗೆ ಬಂದು ಹಿಂದಿರುಗಿದ ಜೀವದ ಕಥೆ.

ಅಜಿತಪುರಾಣದಲ್ಲಿ ಬರುವ ಸಗರ ಚಕ್ರವರ್ತಿಯ ಕಥೆ ಆ ಬಾಗಿಲನ್ನು ದಾಟಿದವನ ಕಥೆ. ಅಜಿತನಾಥರು ಅರಮನೆಯ ಉಪ್ಪರಿಗೆಯಿಂದ ಆಕಾಶದಲ್ಲಿ ಉಲ್ಕೆಯೊಂದು ಹೊಳೆದು ಮರೆಯಾದುದನ್ನು ಕಂಡರು. ಅಷ್ಟರಿಂದಲೇ ಸಂಪತ್ತಿನ ಅನಿತ್ಯತೆ ಅವರಿಗೆ ಮನದಟ್ಟಾಯಿತು. ತೀರ್ಥಂಕರರಿಗೆ ಒಂದು ಕಿಡಿ ಸಾಕು. ಅವರ ಕಾಲದವನೇ ಆದ ಸಗರನಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಅವನು ಷಟ್ಖಂಡಗಳ ಒಡೆಯ, ಅರವತ್ತು ಸಾವಿರ ಮಕ್ಕಳ ತಂದೆ. ಹಿಂದಿನ ಭವದ ಗೆಳೆಯನಾದ ಮಣಿಕೇತುವೆಂಬ ದೇವನು, ಸ್ವರ್ಗದಲ್ಲಿ ಕೊಟ್ಟ ಮಾತಿನಂತೆ, ಅವನನ್ನು ಎಚ್ಚರಿಸಲು ಮುನಿವೇಷದಿಂದ ಬಂದು ತತ್ತ್ವವನ್ನು ಉಪದೇಶಿಸಿದನು. ಸಗರನು ಭಕ್ತಿಯಿಂದ ಕೇಳಿದನು. ಪುತ್ರಮೋಹವನ್ನು ಮಾತ್ರ ಬಿಡಲಿಲ್ಲ. ಕೇಳಿದ ತತ್ತ್ವ ಕಿವಿಯಲ್ಲಿಯೇ ನಿಂತಿತು.

ಇತ್ತ ಅವನ ಮಕ್ಕಳು ತಮಗೆ ಯೋಗ್ಯವಾದ ಕಾರ್ಯವೊಂದನ್ನು ಅಪ್ಪಣೆ ಕೊಡಬೇಕೆಂದು ಕೇಳಿಕೊಂಡರು. ಭರತ ಚಕ್ರವರ್ತಿ ಕೈಲಾಸದಲ್ಲಿ ಕಟ್ಟಿಸಿದ ಜಿನಾಲಯಗಳ ರಕ್ಷಣೆಗಾಗಿ ಪರ್ವತದ ಸುತ್ತ ಗಂಗೆಯ ನೀರನ್ನು ಹರಿಸಿ ಅಗಳನ್ನು ಮಾಡುವಂತೆ ತಂದೆ ಹೇಳಿದನು. ಅವರು ಆ ಕೆಲಸದಲ್ಲಿದ್ದಾಗ ಮಣಿಕೇತು ಮಹಾಸರ್ಪದ ರೂಪವನ್ನು ತಾಳಿ, ಎಲ್ಲರೂ ಬೂದಿಯಾದಂತೆ ಮಾಯೆಯನ್ನು ತೋರಿದನು. ಈ ಸುದ್ದಿಯನ್ನು ಚಕ್ರವರ್ತಿಗೆ ಹೇಳುವ ಧೈರ್ಯ ಮಂತ್ರಿಗಳಿಗೆ ಬರಲಿಲ್ಲ.

ಆಗ ಅದೇ ದೇವನು ವೃದ್ಧ ಬ್ರಾಹ್ಮಣನಾಗಿ ಸಭೆಗೆ ಬಂದು, ಯಮನು ತನ್ನ ಮಗನನ್ನು ಒಯ್ದನೆಂದೂ ಷಟ್ಖಂಡಗಳನ್ನು ಗೆದ್ದ ಚಕ್ರವರ್ತಿ ಅವನನ್ನು ಮರಳಿ ತಂದುಕೊಡಬೇಕೆಂದೂ ಅಂಗಲಾಚಿದನು. ಸಗರನು ಆ ಮುದುಕನ ಮುಗ್ಧತೆಗೆ ಮರುಗಿದನು. ಮರಣವನ್ನು ಗೆದ್ದವರು ಸಿದ್ಧಪರಮೇಷ್ಠಿಗಳು ಮಾತ್ರವೆಂದೂ, ಉಳಿದ ಯಾವ ಜೀವಿಗೂ ಯಮನಿಂದ ಶರಣಿಲ್ಲವೆಂದೂ, ಆದ್ದರಿಂದ ಶೋಕವನ್ನು ಬಿಟ್ಟು ದೀಕ್ಷೆಯನ್ನು ಹಿಡಿಯುವುದೇ ಲೇಸೆಂದೂ ತಿಳಿಯಹೇಳಿದನು. ಅವನು ಆಡಿದ ಒಂದೊಂದು ನುಡಿಯೂ ಶಾಸ್ತ್ರಸಮ್ಮತವಾಗಿತ್ತು. ಮುದುಕನು ಎಲ್ಲವನ್ನೂ ಕೇಳಿ, ಹಾಗಾದರೆ ಈ ಮಾತು ಚಕ್ರವರ್ತಿಗೂ ಅನ್ವಯಿಸಲಿ ಎಂದು ಹೇಳಿ, ಅವನ ಮಕ್ಕಳು ಕೈಲಾಸದ ಬಳಿ ಅಳಿದ ವಾರ್ತೆಯನ್ನು ತಿಳಿಸಿದನು.

ಸಗರನು ಮೂರ್ಛಿತನಾಗಿ ಬಿದ್ದನು. ಎಚ್ಚರಗೊಂಡಾಗ ಅವನ ಮುಂದೆ ಎರಡು ದಾರಿಗಳಿದ್ದವು. ತಾನು ಆಗತಾನೆ ಮುದುಕನಿಗೆ ಬೋಧಿಸಿದ ತತ್ತ್ವವನ್ನು ಸುಳ್ಳೆಂದು ಬಿಸಾಡಿ ಗೋಳಿಡುವುದು ಒಂದು. ಅದೇ ತತ್ತ್ವವನ್ನು ತನ್ನ ಮೇಲೆ ಪ್ರಯೋಗಿಸಿಕೊಳ್ಳುವುದು ಇನ್ನೊಂದು. ಅವನು ಎರಡನೆಯದನ್ನು ಆರಿಸಿಕೊಂಡನು. ರಾಜ್ಯವನ್ನು ಭಗೀರಥನಿಗೆ ಒಪ್ಪಿಸಿ ದೃಢಧರ್ಮ ಕೇವಲಿಗಳ ಸನ್ನಿಧಿಯಲ್ಲಿ ಜಿನದೀಕ್ಷೆಯನ್ನು ಕೈಗೊಂಡನು. ಮಣಿಕೇತು ತನ್ನ ಮಾಯೆಯನ್ನು ಹಿಂತೆಗೆದು ಮಕ್ಕಳನ್ನು ಎಬ್ಬಿಸಿದನು. ತಂದೆ ತಪಸ್ಸಿಗೆ ತೆರಳಿದ ಸುದ್ದಿಯನ್ನು ಕೇಳಿ ಆ ಮಕ್ಕಳೂ ಅದೇ ದಾರಿಯನ್ನು ಹಿಡಿದರು.

ಸಗರನಿಗೆ ತತ್ತ್ವ ತಿಳಿದಿರಲಿಲ್ಲವೆಂದಲ್ಲ. ಮುನಿಯಿಂದ ಕೇಳಿದ್ದನು, ಬ್ರಾಹ್ಮಣನಿಗೆ ಹೇಳಿಯೂ ಇದ್ದನು. ಕೇಳುವಾಗ ಅದು ವಿಷಯವಾಗಿತ್ತು, ಹೇಳುವಾಗಲೂ ವಿಷಯವಾಗಿತ್ತು. ತನ್ನ ಎದೆಗೆ ತಾಗಿದಾಗ ಮಾತ್ರ ಅದು ಅನುಪ್ರೇಕ್ಷೆಯಾಯಿತು. ಅನಿತ್ಯ, ಅಶರಣ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳನ್ನು ಪೂರ್ವಾಚಾರ್ಯರು ಇಟ್ಟಿರುವುದು ಕಂಠಪಾಠಕ್ಕಾಗಿ ಅಲ್ಲ, ಮತ್ತೆ ಮತ್ತೆ ತನ್ನನ್ನೇ ನೋಡಿಕೊಳ್ಳುವುದಕ್ಕಾಗಿ. ದರ್ಶನಗಳ ಚರ್ಚೆಯಲ್ಲಿ ಬೇಸರಗೊಂಡವನು ಅನೇಕ ವೇಳೆ ತತ್ತ್ವವನ್ನೇ ದೂರುತ್ತಾನೆ. ದೋಷ ತತ್ತ್ವದಲ್ಲಿಲ್ಲ. ಮದ್ದಿನ ಹೆಸರುಗಳನ್ನು ವರ್ಷಗಟ್ಟಲೆ ಚರ್ಚಿಸಿ ಒಂದು ಗುಟುಕನ್ನೂ ಕುಡಿಯದ ರೋಗಿಯು ವೈದ್ಯಶಾಸ್ತ್ರವನ್ನು ಹಳಿದಂತೆ ಅದು.

ರತ್ನತ್ರಯದ ಕ್ರಮವೂ ಇದನ್ನೇ ಸೂಚಿಸುತ್ತದೆ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ ಈ ಮೂರೂ ಕೂಡಿದಾಗ ಮೋಕ್ಷಮಾರ್ಗ. ಚಾರಿತ್ರದವರೆಗೆ ಬಾರದ ಜ್ಞಾನ ಹೊರೆಯಾಗುತ್ತದೆ. ಅನೇಕಾಂತವನ್ನು ವಾದಸಭೆಯಲ್ಲಿ ಪ್ರತಿಪಾದಿಸಿ ಗೆದ್ದವನು ಮನೆಗೆ ಬಂದು ಹೆಂಡತಿ ಮಕ್ಕಳ ಮಾತಿನಲ್ಲಿ ಒಂದಿಷ್ಟೂ ಸತ್ಯವನ್ನು ಕಾಣದಿದ್ದರೆ ಅವನು ಕಲಿತದ್ದೇನು? ಸ್ಯಾದ್ವಾದ ಮೊದಲು ತನ್ನ ಮಾನಕಷಾಯವನ್ನು ಕರಗಿಸಬೇಕು. ಎದುರಾಳಿಯ ಬಾಯನ್ನು ಮುಚ್ಚಿಸುವ ಕೆಲಸ ಅದರದಲ್ಲ.

ರನ್ನನು ಕಾಡಿಗೆ ಹೋದ ಮುನಿಯಲ್ಲ, ಗೃಹಸ್ಥನಾಗಿ ಬಾಳಿದ ಕವಿ. ಅರಸನ ಅನ್ನವನ್ನು ಉಂಡನು, ಅರಸನ ಕೀರ್ತಿಯನ್ನೂ ಹಾಡಿದನು. ತನ್ನ ವಿದ್ವತ್ತಿನ ಬಗ್ಗೆ ಅವನಿಗೆ ಅಪಾರವಾದ ಹೆಮ್ಮೆಯಿತ್ತು. ತನ್ನ ಕಾವ್ಯವನ್ನು ಪರೀಕ್ಷಿಸುವವರ ಎದೆಗಾರಿಕೆಯನ್ನೇ ಪ್ರಶ್ನಿಸುವಷ್ಟು ಹೆಮ್ಮೆ. ಆ ಹೆಮ್ಮೆಯೂ ಮಾನಕಷಾಯದ ಒಂದು ಎಳೆಯೇ. ದುರ್ಯೋಧನನ ಮಾನವನ್ನು ಅವನು ಅಷ್ಟು ಆಳವಾಗಿ ಬಣ್ಣಿಸಲು ಅದೂ ಒಂದು ಕಾರಣವಾಗಿರಬಹುದು. ಶ್ರಾವಕನ ದಾರಿ ಹೀಗೆಯೇ ಇರುತ್ತದೆ. ಕೊರತೆಗಳ ನಡುವೆ ನಿಂತೇ ಅವನು ಗುರಿಯನ್ನು ಕಾಣಬೇಕು. ರನ್ನನು ಗುರಿಯನ್ನು ತಪ್ಪಾಗಿ ತೋರಿಸಲಿಲ್ಲ. ಸಿಂಹಾಸನದ ಪಕ್ಕದಲ್ಲಿ ನಿಂತು, ಸಿಂಹಾಸನಕ್ಕಿಂತ ಸಗರನ ತ್ಯಾಗವೇ ದೊಡ್ಡದೆಂದು ಬರೆದನು.

ಅವನು ಕಂಡ ರಾಜ್ಯಗಳ ಗತಿಯನ್ನು ಕಾಲ ಬೇಗನೆ ತೋರಿಸಿತು. ಗಂಗರ ರಾಜಧಾನಿ ತಲಕಾಡು 11ನೆಯ ಶತಮಾನದ ಆರಂಭದಲ್ಲಿಯೇ ಚೋಳರ ವಶವಾಯಿತು. ಸತ್ಯಾಶ್ರಯನ ಕಾಲದಲ್ಲಿ ಚೋಳಸೇನೆ ಚಾಲುಕ್ಯ ನಾಡಿನೊಳಗೆ ನುಗ್ಗಿ ಮಾಡಿದ ಹಾನಿಯನ್ನು 1007ರ ಹೊಟ್ಟೂರು ಶಾಸನ ದಾಖಲಿಸಿದೆ. ಗೆದ್ದವರೂ ಹೋದರು, ಸೋತವರೂ ಹೋದರು. ಶ್ರವಣಬೆಳಗೊಳದ ಗೊಮ್ಮಟ ಇನ್ನೂ ನಿಂತಿದ್ದಾನೆ, ಲಕ್ಕುಂಡಿಯ ಬಸದಿ ಇನ್ನೂ ಉಳಿದಿದೆ, ಅಜಿತಪುರಾಣವನ್ನು ಇಂದಿಗೂ ಓದುವವರಿದ್ದಾರೆ. ಕಲ್ಲೂ ಓಲೆಯೂ ಒಂದು ದಿನ ಅಳಿಯುವವೇ. ಆದರೆ ತ್ಯಾಗಕ್ಕೆ ಅರ್ಪಿತವಾದುದು ಭೋಗಕ್ಕೆ ಅರ್ಪಿತವಾದುದಕ್ಕಿಂತ ಹೆಚ್ಚು ಕಾಲ ಜನಮನದಲ್ಲಿ ಬಾಳಿತೆಂಬುದು ಕಣ್ಣೆದುರಿನ ಸತ್ಯ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಕಟ್ಟೆಗಳ ಮೇಲೆ ಇಂದಿಗೂ ಸಂಜೆಯ ಮಾತು ರಾಜಕಾರಣದಿಂದ ಆರಂಭವಾಗಿ ವೇದಾಂತದಲ್ಲಿ ಮುಗಿಯುವುದುಂಟು. ಎಲ್ಲ ಊರುಗಳ ಕಟ್ಟೆಗಳ ರೂಢಿಯೂ ಇದೇ. ಕೆಲವರಿಗೆ ಅದರಲ್ಲಿ ಬೇಸರ ಬಂದಿರಬಹುದು. ಆ ಬೇಸರಕ್ಕೆ ಹೆದರಬೇಕಾಗಿಲ್ಲ, ಅದನ್ನು ಕಂಡು ಹಿಗ್ಗಬೇಕಾಗಿಯೂ ಇಲ್ಲ. ಅದು ಬಂದ ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಲೋಕ ಸರಿಯಿಲ್ಲವೆಂದು ಬೇಸರ ಬಂದಿತೋ, ತನ್ನ ಕಷಾಯಗಳು ಇನ್ನೂ ಇಳಿದಿಲ್ಲವೆಂದು ಬೇಸರ ಬಂದಿತೋ? ಮೊದಲನೆಯದು ದುರ್ಯೋಧನನ ಸರೋವರಕ್ಕೆ ಒಯ್ಯುತ್ತದೆ. ಅಲ್ಲಿ ಹೊರಗೆ ತಂಪು, ಒಳಗೆ ಉರಿ. ಎರಡನೆಯದು ಸಗರನ ದಾರಿಗೆ ಒಯ್ಯುತ್ತದೆ. ಎಲ್ಲರೂ ಅವನಂತೆ ಇಂದೇ ರಾಜ್ಯವನ್ನು ಬಿಡಲಾರರು. ಒಂದು ಸಾಮಾಯಿಕ, ಒಂದು ಪರಿಗ್ರಹ ಪರಿಮಾಣ, ಒಂದು ಹಳೆಯ ವೈರಕ್ಕೆ ಕ್ಷಮೆ, ಇಷ್ಟನ್ನು ಇಂದಿನ ಸಂಜೆಯಿಂದಲೇ ಆರಂಭಿಸಬಹುದು. ಮುಧೋಳದ ಬಳೆಗಾರರ ಮಗನು ಅರಮನೆಯಿಂದ ತನ್ನ ನಾಡಿನವರಿಗೆ ಕಳುಹಿಸಿದ ಬೆಲೆಬಾಳುವ ಕಾಣಿಕೆ ಇದೇ.